ಮಧುಗಿರಿ ಸೀಮೆಯ ಇತಿಹಾಸವೂ ಕಿಶೋರರ ಸಾಹಸಕಥೆಯೂ

ಗತಕಾಲದ ನಿಶ್ಚಿತವಾದ ಒಂದು ಯುಗವನ್ನು ಭೂಮಿಕೆಯಾಗಿ ಸ್ವೀಕರಿಸಿ, ಆ ಯುಗದ ಪ್ರಸಿದ್ಧ ಘಟನೆಗಳಿಗೆ ಭಂಗ ಬಾರದಂತೆ, ಅವುಗಳ ನಡುವೆ ಕಲ್ಪಿತನಾದ ಒಬ್ಬ ಬಾಲಕನನ್ನೋ ಬಾಲಕಿಯನ್ನೋ ನಿಲ್ಲಿಸಿ, ಆ ಎಳೆಯರ ಕಣ್ಣಿನಿಂದಲೇ ಆ ಕಾಲವನ್ನು ಕಾಣಿಸುವ ಗದ್ಯಪ್ರಕಾರಕ್ಕೆ ಐತಿಹಾಸಿಕ ಕಿಶೋರಕಥೆಯೆಂದು ಹೆಸರು. ಮುತ್ತಿಗೆ, ಸೆರೆ, ಪಲಾಯನ, ದೂರಪಯಣ, ಗುಪ್ತವಾರ್ತೆಯ ಸಾಗಣೆ ಮೊದಲಾದವುಗಳನ್ನು ಆಶ್ರಯಿಸಿದ ಸಾಹಸಕಥೆಯು ಇದಕ್ಕೆ ಅತ್ಯಂತ ಸಮೀಪವಾದುದು. ಇವೆರಡೂ ಒಂದಾದೆಡೆಯಲ್ಲಿ ಓದುವ ಮಗುವಿಗೆ ರೋಮಾಂಚವೂ ಚರಿತ್ರೆಯ ಅರಿವೂ ಏಕಕಾಲದಲ್ಲಿ ದೊರೆಯುತ್ತವೆ. ತುಮಕೂರು ಜಿಲ್ಲೆಯ ಉತ್ತರಾರ್ಧದಲ್ಲಿರುವ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು, ಶಿಕ್ಷಣ ಇಲಾಖೆಯ ಆಡಳಿತದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಒಂದಾಗಿರುವಂತೆಯೇ, ಈ ಪ್ರಕಾರಕ್ಕೆ ಒದಗುವ ಸಾಮಗ್ರಿಯ ದೃಷ್ಟಿಯಿಂದಲೂ ಒಂದೇ ಸೀಮೆಯಾಗಿವೆ. ಸಾಹಸಕ್ಕೆ ಅದ್ಭುತವನ್ನು ಹೊರಗಿನಿಂದ ತರಬೇಕಾಗಿಲ್ಲ, ನೆಲದ ಅಗತ್ಯಗಳಿಂದಲೇ ಅದು ತಾನಾಗಿ ಹುಟ್ಟುತ್ತದೆ ಎಂಬ ತತ್ತ್ವಕ್ಕೆ ಈ ಸೀಮೆಗಿಂತ ಉತ್ತಮವಾದ ನಿದರ್ಶನ ದೊರೆಯುವುದು ದುರ್ಲಭ.

ನೆಲ ಮತ್ತು ನೀರು

ಮಳೆ ವಿರಳವಾದ ಈ ಬಯಲುಸೀಮೆಯಲ್ಲಿ ಬೆಟ್ಟಗಳು ಬಹುಮಟ್ಟಿಗೆ ಬೋಳುಬಂಡೆಗಳು. ಅಂಥ ಬಂಡೆಯೊಂದು ದುರ್ಗವಾಗಬೇಕಾದರೆ ಕಲ್ಲು, ಆಳು, ಹಣ ಇವು ಮೂರೂ ಸಾಲವು; ಶಿಖರದ ಬಳಿ ನೀರು ನಿಲ್ಲಬೇಕು. ಸುಮಾರು 3,930 ಅಡಿ ಎತ್ತರದ ಮಧುಗಿರಿಯ ಏಕಶಿಲಾಬೆಟ್ಟವು ಕೋಟೆಯಾದ ಬಗೆಯನ್ನು ಕುರಿತು ಜನ ಹೇಳುತ್ತ ಬಂದ ಕಥೆಯ ತಿರುಳೂ ಇದೇ. ರಾಜ ಹಿರೇಗೌಡನೆಂಬ ನಾಡಪ್ರಭುವಿನ ಕುರಿಯೊಂದು ಹಿಂಡನ್ನು ಅಗಲಿ ಬೆಟ್ಟದತ್ತ ಹೋದುದು, ಮರಳಿ ಬರುವಾಗ ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತಂತೆ. ಬಂಡೆಯ ಮೇಲೆ ಒರತೆಯುಂಟೆಂಬುದು ಅದರಿಂದ ತಿಳಿದು, ಅವನು ಅಲ್ಲಿ ಕೋಟೆಯನ್ನು ಕಟ್ಟಿಸಿದನಂತೆ. ಮಣ್ಣಿನದಾಗಿದ್ದ ಆ ಕೋಟೆಯನ್ನು ಮುಂದೆ ಹೈದರಾಲಿಯು ಕಲ್ಲಿನಿಂದ ವಿಸ್ತರಿಸಿ ಬಲಪಡಿಸಿದನು. ಸಾಹಸಕಥೆಗೆ ಬೇಕಾದ ಸಮಸ್ತ ಅಂಗಗಳೂ, ಎಂದರೆ ಕಳೆದುಹೋದ ಪ್ರಾಣಿ, ಅದನ್ನು ಅರಸುವ ಕುರಿಗಾಹಿ, ಆಕಸ್ಮಿಕವಾದ ಸುಳುಹು, ಅದರಿಂದ ಬದಲಾದ ನಾಡಿನ ಭವಿಷ್ಯ, ಇಷ್ಟು ಚಿಕ್ಕ ವೃತ್ತಾಂತದಲ್ಲಿ ಅಡಕವಾಗಿವೆ.

ಈ ಬೆಟ್ಟವನ್ನು ಏರುವವನಿಗೆ ಆರಂಭದಲ್ಲಿ ಅಗಲವಾದ ಮೆಟ್ಟಿಲುಗಳೂ ಒಂದರ ಮೇಲೊಂದು ಬಾಗಿಲುಗಳೂ ಎದುರಾಗುತ್ತವೆ; ಅಂತರಾಳದ ಬಾಗಿಲು, ದಿಡ್ಡಿಬಾಗಿಲು, ಮೈಸೂರು ಬಾಗಿಲು ಎಂದು ಅವುಗಳ ಹೆಸರು. ಮೇಲೇರಿದಂತೆ ಮೆಟ್ಟಿಲುಗಳು ಮರೆಯಾಗಿ, ಇಳಿಜಾರಾದ ಬಂಡೆಯಲ್ಲಿ ಪಾದದ ಮುಂಭಾಗಕ್ಕಷ್ಟೇ ಸಾಲುವಂತೆ ಕೆತ್ತಿದ ಗುಳಿಗಳು ಉಳಿಯುತ್ತವೆ. ಇಂದು ಆ ಭಾಗಗಳಲ್ಲಿ ಆಧಾರಕ್ಕೆ ಕಬ್ಬಿಣದ ಕಂಬಿಗಳುಂಟು. ಮುತ್ತಿಗೆ ಹಾಕಿದ ಶತ್ರುವಿನ ಪಡೆ ಎಷ್ಟೇ ದೊಡ್ಡದಾದರೂ ಇಲ್ಲಿ ಒಬ್ಬೊಬ್ಬನಾಗಿಯೇ ಏರಬೇಕಾಗುತ್ತಿತ್ತೆಂಬುದೂ, ಆದಕಾರಣ ಕೋಟೆಯು ಬೀಳುವುದು ಬಲದಿಂದ ಅಪರೂಪ, ದೊಣೆಯ ನೀರೋ ಕಣಜದ ಧಾನ್ಯವೋ ಬರಿದಾದಾಗ ಅಧಿಕವೆಂಬುದೂ ಆ ಗುಳಿಗಳಲ್ಲಿ ಕಾಲಿಟ್ಟ ಬಾಲಕನಿಗೆ ಪಾಠವಿಲ್ಲದೆಯೇ ತಿಳಿಯುತ್ತದೆ. ನೆತ್ತಿಯಲ್ಲಿ ಜೀರ್ಣವಾದ ಗೋಪಾಲಕೃಷ್ಣ ದೇಗುಲವಿದೆ.

ಕಥೆಗೆ ಒದಗುವ ಚರಿತ್ರೆ

ನಾಲ್ಕು ತಾಲ್ಲೂಕುಗಳ ಪೈಕಿ ಅತ್ಯಂತ ಪ್ರಾಚೀನವಾದ ರಾಜಧಾನಿಯು ಪಾವಗಡ ತಾಲ್ಲೂಕಿನ ನಿಡುಗಲ್ಲು. ತಾವು ಕರಿಕಾಲಚೋಳನ ವಂಶದವರೆಂದು ಹೇಳಿಕೊಂಡ ನಿಡುಗಲ್ಲಿನ ಚೋಳರು 12 ಮತ್ತು 13ನೆಯ ಶತಮಾನಗಳಲ್ಲಿ ಇಲ್ಲಿಂದ ಆಳಿ, ಹೊಯ್ಸಳರೊಡನೆ ಹಲವು ಬಾರಿ ಸೆಣಸಿದರು. ಪಾವಗಡದ ಬೆಟ್ಟದ ಕೋಟೆಯು ಪಾಳೆಯಗಾರರ ಕಾಲದ್ದು. ಮೂರು ಕಡೆ ಆಂಧ್ರಪ್ರದೇಶದಿಂದ ಆವೃತವಾದ ಈ ತಾಲ್ಲೂಕಿನಲ್ಲಿ ಕನ್ನಡವೂ ತೆಲುಗೂ ಒಂದೇ ಜಗಲಿಯಲ್ಲಿ ಆಡಲ್ಪಡುವುದರಿಂದ, ಎರಡು ನುಡಿಗಳ ನಡುವೆ ಬೆಳೆದ ದುಭಾಷಿ ಹುಡುಗನು ಇಲ್ಲಿಯ ಕಥೆಗೆ ಸಹಜನಾದ ನಾಯಕನಾಗಬಲ್ಲನು.

ಸಿರಾದ ಇತಿಹಾಸವು ಸಂಸ್ಥಾನಗಳ ಏಳುಬೀಳುಗಳ ಸಂಕ್ಷೇಪವೆಂದರೆ ಸಲ್ಲುತ್ತದೆ. ರತ್ನಗಿರಿಯ ರಂಗಪ್ಪನಾಯಕನು ಅಡಿಪಾಯ ಹಾಕಿಸಿದ ಊರು ಪೂರ್ಣವಾಗುವ ಮುನ್ನವೇ 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನ ವಶವಾಯಿತು. 1687ರಲ್ಲಿ ಮೊಗಲರ ಪಾಲಾಗಿ, ಏಳು ಪರಗಣಗಳ ಸುಬಾಕ್ಕೆ ರಾಜಧಾನಿಯಾಯಿತು. ಮೊದಲ ಸುಬೇದಾರನಾದ ಖಾಸಿಂಖಾನನು ನೆರೆಯ ದೊಡ್ಡೇರಿಯಲ್ಲಿ ಮರಾಠ ದಳಪತಿ ಸಂತಾಜಿ ಘೋರ್ಪಡೆಯ ಮುತ್ತಿಗೆಗೆ ಸಿಕ್ಕಿ, ಆಹಾರ ಬರಿದಾದ ಕೋಟೆಯೊಳಗೆ ಪ್ರಾಣಬಿಟ್ಟನು. 1696ರಲ್ಲಿ ಕಟ್ಟಲ್ಪಟ್ಟ ಜುಮ್ಮಾ ಮಸೀದಿಯೂ, ಬಿಜಾಪುರದ ಪರವಾಗಿ ಸಿರಾವನ್ನು ಆಳಿದ ಮಲಿಕ್ ರೈಹಾನನ 1651ರ ಗೋರಿಯೂ ಇಂದಿಗೂ ನಿಂತಿವೆ. ಮುಂದಿನ ಸುಬೇದಾರರಲ್ಲೊಬ್ಬನಾದ ದಿಲಾವರ್‌ಖಾನನ ಆಡಳಿತದಲ್ಲಿ ನಗರವು ಐಶ್ವರ್ಯದ ಪರಮಾವಧಿಯನ್ನು ಮುಟ್ಟಿತು. ಅವನ ಅರಮನೆಯೇ ಬೆಂಗಳೂರು ಮತ್ತು ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಮಾದರಿಯಾಯಿತೆಂದು ಪ್ರತೀತಿ. 1761ರಲ್ಲಿ ನಿಜಾಮನ ತಮ್ಮನಾದ ಬಸಾಲತ್ ಜಂಗನು ಹೈದರಾಲಿಗೆ ಸಿರಾದ ನವಾಬನೆಂಬ ಬಿರುದನ್ನಿತ್ತನು. ಮುಂದೆ ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಹೊಸ ಪೇಟೆಯಾದ ಗಂಜಾಮಿಗೆ ಜನವಸತಿಯನ್ನು ಒದಗಿಸಲು ಸಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಒಯ್ಯಲಾಯಿತೆಂದು ಬಿ. ಎಲ್. ರೈಸ್ ಅವರ ಗೆಜೆಟಿಯರಿನಲ್ಲಿ ಉಕ್ತವಾಗಿದೆ. ಮಗ್ಗವನ್ನು ಗಾಡಿಗೇರಿಸಿ, ತಾನು ಆಡಿದ ಬೀದಿಯನ್ನು ಬಿಟ್ಟು, ಕಾವೇರಿಯ ದ್ವೀಪಕ್ಕೆ ನಡೆದ ಒಂದು ನೇಕಾರ ಮನೆಯ ಮಗುವಿನ ಪಯಣವನ್ನು ಕಲ್ಪಿಸಿಕೊಳ್ಳುವ ಲೇಖಕನಿಗೆ, ಯುದ್ಧರಂಗದ ಒಂದು ವರ್ಣನೆಯೂ ಇಲ್ಲದೆ, ಸಮಗ್ರವಾದ ಒಂದು ಯುಗವೇ ಕೈವಶವಾಗುತ್ತದೆ.

ಕೊರಟಗೆರೆಯು ಹೊಳವನಹಳ್ಳಿಯ ಮನೆತನದ ರಣಭೈರೇಗೌಡನು ಕಟ್ಟಿಸಿದ ಊರು. ಅದೇ ತಾಲ್ಲೂಕಿನ ಚನ್ನರಾಯನದುರ್ಗವು ಮರಾಠರಿಗೂ ಮೈಸೂರಿನವರಿಗೂ ನಡುವೆ ಮತ್ತೆ ಮತ್ತೆ ಕೈ ಬದಲಾಯಿಸಿದ ಗಿರಿದುರ್ಗ. ಈ ಪ್ರಾಂತದಲ್ಲಿ ಕಬ್ಬಿಣದ ಅದಿರನ್ನು ಕರಗಿಸಿ ಉಕ್ಕನ್ನು ತಯಾರಿಸುತ್ತಿದ್ದ ಕುಲುಮೆಗಳನ್ನು 1800ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಸಾಕ್ಷಾತ್ತಾಗಿ ಕಂಡು ವರ್ಣಿಸಿದ್ದಾನೆ. ಮೂಲಿಕೆಗಳಿಗೆ ಹೆಸರಾದ ಸಿದ್ಧರಬೆಟ್ಟವೂ, ಜಯಮಂಗಲಿ ಸುವರ್ಣಮುಖಿಗಳೆಂಬ ನದಿಗಳೂ ಇಲ್ಲಿಯವೇ.

ಆದರೆ ಕರುಣರಸದಲ್ಲಿ ಇವೆಲ್ಲಕ್ಕೂ ಮಿಗಿಲಾದುದು ಮಧುಗಿರಿಯ ಸೆರೆವಾಸದ ವೃತ್ತಾಂತ. 1678ರಲ್ಲಿ ಚಿಕ್ಕದೇವರಾಜ ಒಡೆಯರ ಸೇನೆ ಈ ಕೋಟೆಯನ್ನು ಹಿಡಿದು, ಜಂಟಿಯಾಗಿ ಆಳುತ್ತಿದ್ದ ರಾಮಗೌಡ ತಿಮ್ಮಗೌಡರನ್ನು ಶ್ರೀರಂಗಪಟ್ಟಣಕ್ಕೆ ಒಯ್ದಂದಿನಿಂದ ಇದು ಮೈಸೂರಿನದಾಗಿತ್ತು. 1763ರಲ್ಲಿ ಕೆಳದಿ ಅರಸರ ರಾಜಧಾನಿಯಾದ ಬಿದನೂರನ್ನು ಗೆದ್ದ ಹೈದರಾಲಿಯು ಅಲ್ಲಿಯ ರಾಣಿ ವೀರಮ್ಮಾಜಿಯನ್ನೂ ಅವಳ ದತ್ತುಪುತ್ರ ಸೋಮಶೇಖರನನ್ನೂ ಇಲ್ಲಿಗೆ ಕಳುಹಿಸಿ ಸೆರೆಯಲ್ಲಿಟ್ಟನು. ಮಳೆಯೂ ಅಡಕೆಯೂ ತುಂಬಿದ ಮಲೆನಾಡಿನಿಂದ ಬಂದ ಆ ಕುಮಾರನು ಬಿಸಿಲ ಬಂಡೆಯ ಮೇಲೆ ನಾಲ್ಕು ವರ್ಷಗಳನ್ನು ಕಳೆದನು. 1767ರಲ್ಲಿ ಪೇಶ್ವೆ ಮಾಧವರಾಯನು ಕೋಟೆಯನ್ನು ಗೆದ್ದು ಅವರನ್ನು ಬಿಡಿಸಿದರೂ, ರಾಣಿಯು ಪುಣೆಯನ್ನು ಮುಟ್ಟುವ ಮುನ್ನವೇ ದಾರಿಯಲ್ಲಿ ತೀರಿಕೊಂಡಳು.

ಮೌಖಿಕ ಪರಂಪರೆ

ಅಚ್ಚಾದ ಪುಸ್ತಕ ಹಳ್ಳಿಯನ್ನು ಮುಟ್ಟುವುದಕ್ಕೆ ಬಹುಕಾಲ ಮುಂಚೆಯೇ ಇಲ್ಲಿಯ ಎಳೆಯರಿಗೆ ವೀರಕಥೆಯ ಊಟೆಯಾಗಿದ್ದುದು ಕಾಡುಗೊಲ್ಲರ ಕಾವ್ಯಗಳು. ಸಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಆರಾಧ್ಯನಾಗಿರುವ ಜುಂಜಪ್ಪನು ದನಗಾಹಿಯಾದ ಸಾಂಸ್ಕೃತಿಕ ವೀರ. ಬಾಲ್ಯದಿಂದಲೇ ಸೋದರಮಾವಂದಿರ ದ್ವೇಷಕ್ಕೆ ಗುರಿಯಾಗಿ, ಮಂದೆಯ ರಕ್ಷಣೆಯನ್ನೇ ವ್ರತವಾಗಿಸಿಕೊಂಡ ಅವನ ಕಥೆಯನ್ನು, ಉದ್ದನೆಯ ಬಿದಿರಿನ ವಾದ್ಯವಾದ ಗಣೆಯನ್ನು ನುಡಿಸುತ್ತ ಇರುಳೆಲ್ಲ ಹಾಡುವ ಪದ್ಧತಿಯುಂಟು. ಈ ನಾಯಕನು ರಾಜಕುಮಾರನಲ್ಲ, ಅವನ ಸಂಪತ್ತು ಸಿಂಹಾಸನವಲ್ಲ. ಮೇವು, ನೀರು, ರೋಗ, ಕಾಡುಮೃಗ ಇವುಗಳೊಡನೆ ನಡೆವ ಹೋರಾಟವೇ ಅವನ ಯುದ್ಧ. ಮಧುಗಿರಿ ತಾಲ್ಲೂಕಿನ ಮಿಡಿಗೇಶಿ ದುರ್ಗದ ಹೆಸರು ಸಹಗಮನ ಮಾಡಿದ ಒಬ್ಬ ಸ್ತ್ರೀಯದೆಂದು ಐತಿಹ್ಯವಿದೆ. ಊರ ಹೊರಗಿನ ವೀರಗಲ್ಲುಗಳಲ್ಲಿ ತುರುಗಳನ್ನು ಮರಳಿಸಲು ಹೋರಾಡಿ ಮಡಿದವರು ಮೂರು ಅಂತಸ್ತುಗಳಲ್ಲಿ ಕೆತ್ತಲ್ಪಟ್ಟಿದ್ದಾರೆ: ಕೆಳಗೆ ಕಾದಾಟ, ನಡುವೆ ಅಪ್ಸರೆಯರೊಡನೆ ಆರೋಹಣ, ಮೇಲೆ ದೇವಸನ್ನಿಧಿ. ಇವುಗಳನ್ನು ಕೆಳಗಿನಿಂದ ಮೇಲಕ್ಕೆ ಓದಲು ಕಲಿತ ಮಗುವು ಚಿತ್ರಕಥೆಯ ಅತ್ಯಂತ ಹಳೆಯ ರೂಪವೊಂದನ್ನು ಓದಲು ಕಲಿತಂತೆಯೇ ಸರಿ.

ಕನ್ನಡದಲ್ಲಿ ಪ್ರಕಾರದ ಬೆಳವಣಿಗೆ

ಪಾಶ್ಚಾತ್ಯ ಸಾಹಿತ್ಯದಲ್ಲಿ 1814ರಲ್ಲಿ ವಾಲ್ಟರ್ ಸ್ಕಾಟನ ‘ವೇವರ್ಲಿ’ಯಿಂದ ಪ್ರತಿಷ್ಠಿತವಾದ ಐತಿಹಾಸಿಕ ಕಾದಂಬರಿಯು ಬಂಗಾಳಿ ಮತ್ತು ಮರಾಠಿಗಳ ಮಾರ್ಗವಾಗಿ ಕನ್ನಡಕ್ಕೆ ಬಂದಿತು. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರನ್ನೂ, ಗಳಗನಾಥರು ಹರಿನಾರಾಯಣ ಆಪಟೆಯವರನ್ನೂ ಕನ್ನಡಿಗರಿಗೆ ಪರಿಚಯಿಸಿದರು. ವಿಜಯನಗರವನ್ನು ಕುರಿತ ಗಳಗನಾಥರ ಸ್ವತಂತ್ರ ಕೃತಿ ‘ಮಾಧವ ಕರುಣಾವಿಲಾಸ’ 1923ರಲ್ಲಿ ಹೊರಬಂದಿತು. ಮಕ್ಕಳಿಗಾಗಿ ‘ನೀತಿಚಿಂತಾಮಣಿ’ಯನ್ನು ಬರೆದ ಎಂ. ಎಸ್. ಪುಟ್ಟಣ್ಣನವರೇ ಪಾಳೆಯಗಾರರ ಚರಿತ್ರೆಯನ್ನೂ ಸಂಗ್ರಹಿಸಿದರೆಂಬುದು ಈ ಎರಡು ಆಸಕ್ತಿಗಳ ಸಹಜಸಂಬಂಧವನ್ನು ತೋರಿಸುತ್ತದೆ. ಕದಂಬರ ಕಾಲವನ್ನು ಚಿತ್ರಿಸುವ ದೇವುಡು ಅವರ ‘ಮಯೂರ’ವು ಬ್ರಹ್ಮಚಾರಿಯೊಬ್ಬನು ಅರಸನಾಗುವ ಕಥೆಯಾದುದರಿಂದ ಕಿಶೋರರನ್ನು ವಿಶೇಷವಾಗಿ ಸೆಳೆಯಿತು, 1975ರಲ್ಲಿ ಚಲನಚಿತ್ರವಾದ ಮೇಲೆ ಅದರ ಕಥೆಯು ಅಕ್ಷರ ಬಾರದವರನ್ನೂ ಮುಟ್ಟಿತು.

ಮಧುಗಿರಿ ಸೀಮೆಗೆ ನಿಕಟವಾದ ಲೇಖಕರು ಇಬ್ಬರು. ಪಾವಗಡದ ನೆರೆಯ ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದ ತ. ರಾ. ಸುಬ್ಬರಾಯರು ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಮೊದಲಾದವುಗಳಲ್ಲಿ ಚಿತ್ರದುರ್ಗದ ಪಾಳೆಯಗಾರರ ಲೋಕವನ್ನು ಸಜೀವಗೊಳಿಸಿದರು. ಅವರ ‘ದುರ್ಗಾಸ್ತಮಾನ’ಕ್ಕೆ ಮರಣಾನಂತರ, 1985ರಲ್ಲಿ, ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಚೆನ್ನಬಸವನಾಯಕ’ (1949) ಬಿದನೂರಿನ ಪತನವನ್ನೂ ರಾಣಿ ವೀರಮ್ಮಾಜಿಯನ್ನೂ ವಸ್ತುವಾಗಿ ಉಳ್ಳುದು. ಇವು ಪ್ರೌಢರಿಗಾಗಿ ರಚಿತವಾದರೂ, ಪ್ರೌಢಶಾಲೆಯ ಹುಡುಗರು ವಾಚನಾಲಯಗಳಿಂದ ಕಡ ತಂದು ಓದಿದ ಪುಸ್ತಕಗಳ ಸಾಲಿಗೆ ಸೇರಿದವು.

ಎಳೆಯರಿಗೆಂದೇ ಹುಟ್ಟಿದ ಬರವಣಿಗೆಯಲ್ಲಿ ಪಂಜೆ ಮಂಗೇಶರಾಯರ ‘ಕೋಟಿ ಚೆನ್ನಯ’ ಅಗ್ರಗಣ್ಯ. ತುಳುನಾಡಿನ ಪಾಡ್ದನಗಳ ಅವಳಿವೀರರನ್ನು ಸರಳಗದ್ಯಕ್ಕೆ ತಂದ ಆ ಕೃತಿಯು, ಜನಪದದ ಮೌಖಿಕ ಕಾವ್ಯವು ಕಿಶೋರಕಥೆಯಾಗುವ ಮಾರ್ಗವನ್ನು ತೋರಿಸಿಕೊಟ್ಟಿತು. ಜುಂಜಪ್ಪನ ಕಾವ್ಯಕ್ಕೂ ಈ ಮಾರ್ಗವೇ ಉಚಿತವಾದುದು. 1949ರಿಂದ ಕನ್ನಡದಲ್ಲಿ ಬಂದ ‘ಚಂದಮಾಮ’ವೂ, 1960ರ ದಶಕದಲ್ಲಿ ಬೆಂಗಳೂರಿನಲ್ಲಿ ಮೊದಲು ಕನ್ನಡದಲ್ಲೇ ಕಣ್ಣುಬಿಟ್ಟ ಅಮರ ಚಿತ್ರಕಥೆಗಳೂ, 1970ರ ದಶಕದಲ್ಲಿ ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ರಾಷ್ಟ್ರೋತ್ಥಾನ ಪರಿಷತ್ತು ಹೊರತಂದ ‘ಭಾರತ ಭಾರತಿ’ ಮಾಲೆಯ ಕಿರುಪುಸ್ತಕಗಳೂ ರಾಜರಾಣಿಯರ, ವೀರರ, ಸಂತರ ಜೀವನಗಳನ್ನು ಹಳ್ಳಿಯ ಶಾಲೆಗಳವರೆಗೆ ಒಯ್ದವು.

ಹೊರಗಿನವರ ದೃಷ್ಟಿ

ಮೈಸೂರಿನ ಯುದ್ಧಗಳನ್ನು ಇಂಗ್ಲಿಷ್ ಲೇಖಕರು ಬಹು ಮುಂಚೆಯೇ ಕಥೆಯಾಗಿಸಿಕೊಂಡರು. ಸ್ಕಾಟನ ‘ದಿ ಸರ್ಜನ್ಸ್ ಡಾಟರ್’ (1827), ಮೆಡೋಸ್ ಟೇಲರನ ‘ಟಿಪ್ಪೂ ಸುಲ್ತಾನ್’ (1840) ಇವುಗಳ ತರುವಾಯ, ಬಾಲಕರಿಗಾಗಿಯೇ ಬರೆಯುತ್ತಿದ್ದ ಜಿ. ಎ. ಹೆಂಟಿಯು ಆ ಶತಮಾನದ ಕೊನೆಯ ದಶಕದಲ್ಲಿ ‘ದಿ ಟೈಗರ್ ಆಫ್ ಮೈಸೂರ್’ ಎಂಬುದನ್ನು ರಚಿಸಿದನು. ಸೆರೆಸಿಕ್ಕ ತಂದೆಯನ್ನು ಅರಸುತ್ತ ಮೈಸೂರಿಗೆ ಬರುವ ಹುಡುಗನೊಬ್ಬನ ಸಾಹಸ ಅದರ ವಸ್ತು. ಹೆಂಟಿಯ ಕಥನವೇಗವು ಶ್ಲಾಘ್ಯವೇ. ಆದರೆ ಚಕ್ರಾಧಿಪತ್ಯದ ಪಕ್ಷಪಾತವು ಅವನ ಪುಟಗಳನ್ನು ಆವರಿಸಿ, ಈ ನಾಡಿನ ರೈತ, ನೇಕಾರ, ಕುರಿಗಾಹಿಗಳು ಅಲ್ಲಿ ಹಿನ್ನೆಲೆಯ ಛಾಯೆಗಳಾಗಿಬಿಟ್ಟಿದ್ದಾರೆ. ತನ್ನ ನೆಲದ ಸೆರೆವಾಸದ ಕಥೆಯನ್ನು ಅನ್ಯರ ಕಣ್ಣಿನಿಂದ ಓದುವ ಸ್ಥಿತಿ ಯಾವ ಮಗುವಿಗೂ ಬರಬಾರದು.

ರಚನೆಯ ವಿವೇಕ

ಐತಿಹಾಸಿಕ ಕಿಶೋರಕಥೆಯಲ್ಲಿ ಚೌಕಟ್ಟು ಸತ್ಯವಾಗಿರಬೇಕು, ಕಲ್ಪನೆಯು ಚಿಕ್ಕವರ ಪಾಲಿನದಾಗಿರಬೇಕು. ಕೋಟೆ ಬಿದ್ದ ವರ್ಷ, ಗೆದ್ದವನ ಹೆಸರು, ಒಪ್ಪಂದದ ಷರತ್ತು ಇವುಗಳನ್ನು ಬದಲಿಸುವ ಅಧಿಕಾರ ಲೇಖಕನಿಗಿಲ್ಲ; ಆದರೆ ದೊಣೆಯಿಂದ ನೀರು ಹೊತ್ತವಳು, ಕುಲುಮೆಯ ತಿದಿಯೊತ್ತಿದವನು, ಇರುಳಲ್ಲಿ ದಿಡ್ಡಿಬಾಗಿಲಿನಿಂದ ಜಾರಿ ಓಲೆಯನ್ನು ಸಾಗಿಸಿದವನು ಇಂಥವರು ಚರಿತ್ರೆಯ ಪುಟಗಳಲ್ಲಿ ಹೆಸರಿಲ್ಲದವರಾದುದರಿಂದ, ಅವರಿಗೆ ಹೆಸರಿಡುವುದು ಲೇಖಕನ ಹಕ್ಕೂ ಹೌದು, ಕರ್ತವ್ಯವೂ ಹೌದು. ಎರಡನೆಯದಾಗಿ, ಒಂದೇ ಕೋಟೆಯನ್ನು ನಾಡಗೌಡ, ಒಡೆಯ, ನವಾಬ, ಪೇಶ್ವೆ ಇವರೆಲ್ಲರೂ ಆಳಿದ ಸೀಮೆಯಲ್ಲಿ ಒಂದು ಜಾತಿಯನ್ನೋ ಮತವನ್ನೋ ದುಷ್ಟಪಕ್ಷವಾಗಿ ನಿಲ್ಲಿಸುವುದು ಅಸತ್ಯ; ಎಳೆಯ ಮನಸ್ಸಿನಲ್ಲಿ ಬಿತ್ತಿದ ದ್ವೇಷವು ಕಥೆ ಮರೆತ ಮೇಲೂ ಉಳಿಯುವುದರಿಂದ ಅದು ಅಪರಾಧವೂ ಹೌದು. ವೀರಮ್ಮಾಜಿಯನ್ನು ಸೆರೆಯಲ್ಲಿಟ್ಟ ಹೈದರನೇ ಮಧುಗಿರಿಯ ಕೋಟೆಯನ್ನು ಬಲಪಡಿಸಿದವನು. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲ ಲೇಖಕನಿಂದ ಮಾತ್ರ ಮಗುವು ನ್ಯಾಯಬುದ್ಧಿಯನ್ನು ಕಲಿಯುತ್ತದೆ.

ಆಧಾರಗಳಿಗೆ ಕೊರತೆಯಿಲ್ಲ. 1904ರಲ್ಲಿ ರೈಸ್ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೆಯ ಸಂಪುಟವು ತುಮಕೂರು ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ಒಳಗೊಂಡಿದೆ, ಬುಕಾನನನ ಪ್ರವಾಸಕಥನದಲ್ಲಿ ಬೆಳೆ, ಕೂಲಿ, ಕಸುಬುಗಳ ವಿವರಗಳಿವೆ. ಪ್ರಕೃತಿಯೂ ಸಾಕ್ಷಿಗೆ ನಿಂತಿದೆ: ತಿಮ್ಮಲಾಪುರದ ಕಾಡಿನ ಕರಡಿ, ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ನೆಗೆಯುವ ಕೃಷ್ಣಮೃಗ, ಇವು ಅಂದಿನ ಸವಾರನ ಕಣ್ಣಿಗೂ ಬಿದ್ದಿರತಕ್ಕ ದೃಶ್ಯಗಳೇ.

ಕನ್ನಡದ ಐತಿಹಾಸಿಕ ಕಥನದ ಮುಖ್ಯಪ್ರವಾಹವು ವಿಜಯನಗರ, ದ್ವಾರಸಮುದ್ರ, ಚಿತ್ರದುರ್ಗ, ಬಿದನೂರುಗಳ ಕಡೆಗೆ ಹರಿದುದು ಸ್ವಾಭಾವಿಕ, ಅವು ರಾಜಧಾನಿಗಳು. ಕಿಶೋರರಿಗೆ ಬರೆಯುವವನಿಗಾದರೋ ರಾಜಧಾನಿಗಿಂತ ಗಡಿಯ ದುರ್ಗ ಮೇಲು. ಅಲ್ಲಿ ಅರಸನು ದೂರವಿದ್ದು, ನಿರ್ಣಯಗಳು ಸಾಮಾನ್ಯರ ಪಾಲಿಗೆ ಬರುತ್ತವೆ, ಒಬ್ಬ ಹುಡುಗನ ಧೈರ್ಯಕ್ಕೂ ಬೆಲೆಯಿರುತ್ತದೆ. ಇಂಥ ಕಥೆಗಳ ಮಾಲೆಯೊಂದನ್ನು ಈ ಸೀಮೆಯಲ್ಲಿ ಕೈಗೊಳ್ಳುವವರು, 1763ರಿಂದ 1767ರವರೆಗೆ ಮಧುಗಿರಿಯ ಬಂಡೆಯ ಮೇಲೆ ಸೆರೆಯಿದ್ದ ಸೋಮಶೇಖರನಿಂದ ಆರಂಭಿಸುವುದು ಯುಕ್ತ: ಕಾಲ, ಸ್ಥಳ, ಪಾತ್ರ, ಬಿಡುಗಡೆ ನಾಲ್ಕನ್ನೂ ಚರಿತ್ರೆಯೇ ಒದಗಿಸಿದೆ, ಆ ಕುಮಾರನಿಗೆ ಕೋಟೆಯಲ್ಲಿ ಒಬ್ಬ ಗೆಳೆಯನನ್ನು ಕಲ್ಪಿಸಿಕೊಡುವ ಕೆಲಸವೊಂದೇ ಲೇಖಕನ ಪಾಲಿಗೆ ಉಳಿದಿದೆ.