ನಿಲ್ಲಿಸುವ ಉಪಾಯವೇ ಗುರುತಿಸುವ ಉಪಾಯ: ಸ್ವಸ್ಥ ಹೃದಯದ ವೇಗಮಿಡಿತ ಕುರಿತು ಒಂದು ಟಿಪ್ಪಣಿ

‘ಇದ್ದಕ್ಕಿದ್ದಂತೆ ಎದೆ ಡವಡವ ಅಂತು, ಆಮೇಲೆ ಟಕ್ಕನೆ ನಿಂತುಹೋಯಿತು.’ ಹೀಗೆನ್ನುವ ರೋಗಿ ವೈದ್ಯರ ಎದುರು ಕೂರುವಷ್ಟರಲ್ಲಿ ಇಸಿಜಿ ಹೆಚ್ಚಾಗಿ ಸರಿಯಿರುತ್ತದೆ, ಎಕೋ ಕೂಡ. ಆದರೆ ಎಕೋ ತೋರಿಸುವುದು ಹೃದಯದ ಗೋಡೆ, ಕವಾಟಗಳನ್ನು; ವಿದ್ಯುತ್ತಿನ ಹಾದಿಯನ್ನಲ್ಲ. ಇದನ್ನು ಮರೆತರೆ ಕಾಯಿಲೆ ‘ಟೆನ್ಷನ್’ ಲೆಕ್ಕಕ್ಕೆ ಹೋಗುತ್ತದೆ. 1997ರ ಅಮೆರಿಕದ ಅಧ್ಯಯನವೊಂದರಲ್ಲಿ ಇಂಥ 107 ರೋಗಿಗಳ ಪೈಕಿ ಶೇ. 67 ಮಂದಿಯ ಲಕ್ಷಣಗಳು ಪ್ಯಾನಿಕ್ ಕಾಯಿಲೆಯ ಮಾನದಂಡಕ್ಕೂ ಹೊಂದಿದ್ದವು.

ಈ ವೇಗಮಿಡಿತಗಳಲ್ಲಿ ಹೆಚ್ಚಿನವು ಸುತ್ತುಹಾದಿಯವು: ವಿದ್ಯುತ್ತು ಒಂದೇ ವರ್ತುಲದಲ್ಲಿ ಸುತ್ತುತ್ತಿರುತ್ತದೆ. ಹೃತ್ಕರ್ಣ, ಹೃತ್ಕುಕ್ಷಿಗಳ ನಡುವೆ ವಿದ್ಯುತ್ತನ್ನು ದಾಟಿಸುವ ಎವಿ ನೋಡ್ ಬಳಿಯೇ ಎರಡು ಹಾದಿಗಳಿರಬಹುದು. ಇಲ್ಲವೇ ಹುಟ್ಟಿನಿಂದಲೇ ಒಂದು ಹೆಚ್ಚುವರಿ ಎಳೆ ಉಳಿದಿರಬಹುದು. ಎರಡನೆಯದರ ಇಸಿಜಿ ಚಹರೆಯನ್ನು ವುಲ್ಫ್, ಪಾರ್ಕಿನ್ಸನ್, ವೈಟ್ 1930ರಲ್ಲಿ 11 ರೋಗಿಗಳಲ್ಲಿ ವಿವರಿಸಿದರು.

ಎರಡು ಬಗೆಯಲ್ಲೂ ಎವಿ ನೋಡ್ ಸುತ್ತಿನ ಒಂದು ಕೊಂಡಿ. ಅದನ್ನು ಕ್ಷಣಕಾಲ ತಡೆದರೆ ಸುತ್ತು ಕಡಿಯುತ್ತದೆ. ಉಸಿರು ಬಿಗಿಹಿಡಿದು ಮುಕ್ಕುವ ವಾಲ್ಸಾಲ್ವ ಕ್ರಮದ ಗುಟ್ಟು ಇದೇ. 2015ರ ರಿವರ್ಟ್ ಪ್ರಯೋಗದಲ್ಲಿ 15 ಸೆಕೆಂಡು ಮುಕ್ಕಿಸಿ, ಕೂಡಲೇ ಅಂಗಾತ ಮಲಗಿಸಿ ಕಾಲೆತ್ತಿ ಹಿಡಿದಾಗ ಶೇ. 43 ಮಂದಿಯ ಲಯ ಮರಳಿತು. ಹಳೆಯ ಕ್ರಮದಲ್ಲಿ ಶೇ. 17.

ಇದಕ್ಕೆ ಬಗ್ಗದಿದ್ದರೆ ರಕ್ತನಾಳಕ್ಕೆ ಅಡೆನೋಸಿನ್. ಇಸಿಜಿ ಗೆರೆ ಎರಡು ಮೂರು ಸೆಕೆಂಡು ಸಪಾಟಾಗಿ, ಬಳಿಕ ಸಹಜ ಲಯ ಮರಳಬಹುದು. ಮಿಡಿತ ನಿಲ್ಲದೆ ನಿಧಾನವಾಗಿ, ನಡುವೆ ಗರಗಸದ ಹಲ್ಲಿನಂಥ ಅಲೆಗಳು ಕಂಡರೆ ಅದು ಹೃತ್ಕರ್ಣದ ಫ್ಲಟರ್. ಅಲ್ಲಿ ನೋಡ್ ಬರೀ ಬಾಗಿಲು, ಸುತ್ತಿನ ಭಾಗವಲ್ಲ. ಒಂದೇ ಮದ್ದು, ಎರಡು ಉತ್ತರ, ಎರಡೂ ರೋಗನಿರ್ಣಯವೇ.

ಈ ತರ್ಕಕ್ಕೊಂದು ಮಿತಿಯುಂಟು. ಹೆಚ್ಚುವರಿ ಎಳೆಯಿರುವವರಿಗೆ ಹೃತ್ಕರ್ಣದ ಫಿಬ್ರಿಲೇಷನ್ ಬಂದು, ಇಸಿಜಿಯಲ್ಲಿ ಅಗಲವಾದ, ಅಂತರ ತಪ್ಪಿದ ಅಲೆಗಳು ಕಂಡರೆ ನೋಡನ್ನು ತಡೆಯುವ ಮದ್ದು ಅಪಾಯಕಾರಿ. ಎಳೆಯ ಮೂಲಕ ಹೃತ್ಕುಕ್ಷಿಯ ವೇಗ ವಿಪರೀತಕ್ಕೇರಬಹುದು.

ಮತ್ತೆ ಮತ್ತೆ ಕಾಡುವವರಿಗೆ ಅಬ್ಲೇಷನ್ ಉಂಟು: ತೊಡೆಸಂದಿನ ರಕ್ತನಾಳದಿಂದ ಕ್ಯಾಥೆಟರ್ ಸಾಗಿಸಿ, ತಪ್ಪು ಹಾದಿಯನ್ನು ಪತ್ತೆಮಾಡಿ ಸುಡುವುದು. ಬಹುತೇಕರಿಗೆ ಕಾಯಿಲೆ ಅಲ್ಲಿಗೇ ಮುಗಿಯುತ್ತದೆ. ಆದರೆ ಸುಡುವ ಹಾದಿ ಯಾವ ಬಗೆಯದೆಂಬ ಮೊದಲ ಸುಳಿವು ಸಿಗುವುದು ತುರ್ತು ವಿಭಾಗದಲ್ಲೇ. ಆದ್ದರಿಂದ ರೋಗಿಯನ್ನು ಮುಕ್ಕಿಸುವಾಗಲೂ ಅಡೆನೋಸಿನ್ ಕೊಡುವಾಗಲೂ ಇಸಿಜಿ ಕಾಗದ ಓಡುತ್ತಲೇ ಇರಬೇಕು. ವೇಗಮಿಡಿತ ನಿಂತ ಮೇಲೆ ತೆಗೆದ ಇಸಿಜಿಯಲ್ಲಿ ಆ ಉತ್ತರ ಹೆಚ್ಚಾಗಿ ಇರುವುದಿಲ್ಲ.