ಡಿವೈಸ್ ಟ್ರೀ

ಗಣಕದ ಯಂತ್ರಾಂಶದ ವಿವರವನ್ನು ಬೂಟ್ ಆಗುವಾಗ ಕರ್ನಲ್‌ಗೆ ತಿಳಿಸುವ ದತ್ತಾಂಶ ರಚನೆ. ಆರ್ಮ್, ಪವರ್‌ಪಿಸಿ, ರಿಸ್ಕ್-ಫೈವ್ ಪ್ರೊಸೆಸರ್‌ಗಳ ಲಿನಕ್ಸ್ ವ್ಯವಸ್ಥೆಗಳಲ್ಲಿ ಇದರ ಬಳಕೆ ಹೆಚ್ಚು. ಪಿಸಿಐ, ಯುಎಸ್‌ಬಿ ಸಾಧನಗಳು ಕೇಳಿದರೆ ತಮ್ಮ ಗುರುತು ಹೇಳುತ್ತವೆ. ಚಿಪ್‌ನೊಳಗಿನ ಸೀರಿಯಲ್ ಪೋರ್ಟ್, ಟೈಮರ್‌ಗಳು ಹೇಳುವುದಿಲ್ಲ. ಅವು ಎಲ್ಲಿವೆ ಎಂಬುದನ್ನು ಕರ್ನಲ್‌ಗೆ ಹೊರಗಿನಿಂದಲೇ ತಿಳಿಸಬೇಕು. ಪಿಸಿಗಳಲ್ಲಿ ಈ ಕೆಲಸ ಬಹುಮಟ್ಟಿಗೆ ಎಸಿಪಿಐ ಪಟ್ಟಿಗಳದ್ದು.

ಇತಿಹಾಸ

ಇದರ ಮೂಲ ಸನ್ ಕಂಪನಿಯ ಓಪನ್‌ಬೂಟ್ ಎಂಬ ಫರ್ಮ್‌ವೇರ್. ಅದು 1994ರಲ್ಲಿ ಐಇಇಇ 1275 ಮಾನಕವಾಯಿತು. 2005ರ ಸುಮಾರಿಗೆ ಪವರ್‌ಪಿಸಿ ಲಿನಕ್ಸ್‌ಗಾಗಿ ಇದರ ಚಪ್ಪಟೆ ರೂಪ, ಅಂದರೆ ಇಡೀ ಟ್ರೀಯನ್ನು ಒಂದೇ ತುಣುಕಾಗಿ ಜೋಡಿಸಿದ ರೂಪ, ಸಿದ್ಧವಾಯಿತು.

ಆರ್ಮ್ ಲೋಕದಲ್ಲಿ ಆಗ ಬೇರೆಯೇ ಪದ್ಧತಿ ಇತ್ತು. ಪ್ರತಿ ಬೋರ್ಡಿಗೂ ಒಂದು ಸಂಖ್ಯೆ, ಕರ್ನಲ್‌ನಲ್ಲಿ ಅದಕ್ಕೆಂದೇ ಬರೆದ ಸಿ ಕಡತ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್‌ನವರೂ ಬೆಂಗಳೂರಿನಲ್ಲಿ ರೂಪಿಸಿದ ಸಿಂಪ್ಯೂಟರ್ ಆ ಕಾಲದ ಯಂತ್ರ: ಇಂಟೆಲ್ ಸ್ಟ್ರಾಂಗ್‌ಆರ್ಮ್ ಎಸ್‌ಎ-1110 ಪ್ರೊಸೆಸರ್, ಮೇಲೆ ಲಿನಕ್ಸ್. ಬಿಇಎಲ್ ತಯಾರಿಸಿದ ಅದರ ‘ಅಮಿಡಾ’ ಮಾದರಿ 2004ರಲ್ಲಿ ಮಾರುಕಟ್ಟೆಗೆ ಬಂತು. ಬೋರ್ಡುಗಳು ಹೆಚ್ಚಿದಂತೆ ಇಂಥ ಕಡತಗಳೂ ರಾಶಿಬಿದ್ದವು. 2011ರಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಈ ಗೋಜಲನ್ನು ಕಟುವಾಗಿ ಟೀಕಿಸಿದ ಮೇಲೆ ಆರ್ಮ್ ಕೂಡ ಡಿವೈಸ್ ಟ್ರೀಯತ್ತ ವೇಗವಾಗಿ ಹೊರಳಿತು.

ಬೂಟ್ ವೇಳೆಯ ನಿರ್ವಹಣೆ

ಟ್ರೀಯನ್ನು ವಿವರಿಸುವ ಮೂಲ ಪಠ್ಯವನ್ನು ಡಿಟಿಸಿ ಎಂಬ ಕಂಪೈಲರ್ ಒಂದೇ ದ್ವಿಮಾನ ತುಣುಕಾಗಿಸುತ್ತದೆ. ಅದರಲ್ಲಿ 40 ಬೈಟ್‌ಗಳ ತಲೆಭಾಗ, ಮುಟ್ಟಬಾರದ ಮೆಮೊರಿಯ ಪಟ್ಟಿ, ನೋಡ್‌ಗಳ (ಟ್ರೀಯ ಕವಲುಗಳು, ಸಾಮಾನ್ಯವಾಗಿ ಸಾಧನಕ್ಕೊಂದು) ರಚನೆ, ಪ್ರಾಪರ್ಟಿಗಳ (ನೋಡ್‌ನ ಗುಣವಿವರಗಳು) ಹೆಸರುಗಳ ಕೋಶ ಇರುತ್ತವೆ. ಅಂಕಿಗಳೆಲ್ಲ ಬಿಗ್-ಎಂಡಿಯನ್ ಕ್ರಮದಲ್ಲಿ. ಯೂ-ಬೂಟ್‌ನಂಥ ಬೂಟ್‌ಲೋಡರ್ ಇದನ್ನು ಮೆಮೊರಿಗೆ ತುಂಬಿ, ‘ಚೋಸನ್’ ನೋಡ್‌ನಲ್ಲಿ ಕರ್ನಲ್‌ನ ಆದೇಶಸಾಲನ್ನು ಬರೆದು, ತುಣುಕಿನ ವಿಳಾಸವನ್ನು ರಿಜಿಸ್ಟರ್‌ನಲ್ಲಿ ಇಟ್ಟು ಕರ್ನಲ್‌ಗೆ ಜಿಗಿಯುತ್ತದೆ. 64 ಬಿಟ್ ಆರ್ಮ್‌ನಲ್ಲಿ ಆ ರಿಜಿಸ್ಟರ್ ಎಕ್ಸ್0. ಅಲ್ಲಿ ತುಣುಕು 2 ಮೆಗಾಬೈಟ್ ಮೀರುವಂತಿಲ್ಲ.

ತೊಡಕಿರುವುದು ಇಲ್ಲಿಂದ ಮುಂದೆ. ಎಷ್ಟು ಮೆಮೊರಿ ಇದೆ ಎಂಬುದು ಬರೆದಿರುವುದು ಟ್ರೀಯಲ್ಲೇ. ಟ್ರೀಯನ್ನು ಬಿಡಿಸಿ ಹರಡಲು ಮೆಮೊರಿ ಬೇಕು. ಆದ್ದರಿಂದ ಕರ್ನಲ್ ಅದನ್ನು ಎರಡು ಹಂತಗಳಲ್ಲಿ ಓದುತ್ತದೆ. ಮೊದಲ ಸಲ ಚಪ್ಪಟೆ ರೂಪದಲ್ಲೇ ಸಾಲಾಗಿ ನಡೆದು ಆದೇಶಸಾಲು, ಮೆಮೊರಿಯ ವ್ಯಾಪ್ತಿ, ಕಾಯ್ದಿರಿಸಿದ ಪ್ರದೇಶಗಳನ್ನಷ್ಟೇ ಆರಿಸಿ ಮೆಮ್‌ಬ್ಲಾಕ್ ಎಂಬ ಆರಂಭಿಕ ಹಂಚಿಕೆದಾರನಿಗೆ ಒಪ್ಪಿಸುತ್ತದೆ. 512 ಮೆಗಾಬೈಟ್‌ನ ಬೀಗಲ್‌ಬೋನ್ ಬ್ಲ್ಯಾಕ್‌ನಲ್ಲಿ ಆ ವ್ಯಾಪ್ತಿ ಶುರುವಾಗುವುದು ಹೆಕ್ಸಾಡೆಸಿಮಲ್ 80000000 ವಿಳಾಸದಿಂದ. ಆಮೇಲಿನ ಓದಿನಲ್ಲಿ ಪ್ರತಿ ನೋಡ್‌ಗೂ ಒಂದೊಂದು ರಚನೆ ಸೃಷ್ಟಿಯಾಗಿ ನಿಜವಾದ ಮರ ನಿಲ್ಲುತ್ತದೆ. ಆಗಲೂ ಪ್ರಾಪರ್ಟಿಗಳ ಬೆಲೆಗಳನ್ನು ನಕಲು ಮಾಡಿಕೊಳ್ಳುವುದಿಲ್ಲ, ಅವು ಮೂಲ ತುಣುಕಿನತ್ತಲೇ ಬೊಟ್ಟು ಮಾಡುತ್ತವೆ. ಹಾಗಾಗಿ ಆ ತುಣುಕಿನ ಜಾಗವನ್ನು ಬೇರೆಯದಕ್ಕೆ ಬಿಟ್ಟುಕೊಡುವಂತಿಲ್ಲ.

ಕೊನೆಗೆ, ಯಾವ ಸಾಧನಕ್ಕೆ ಯಾವ ಡ್ರೈವರ್ ಎಂದು ತಿಳಿಯಲು, ಪ್ರತಿ ನೋಡ್‌ನಲ್ಲಿ ಸಾಧನದ ಮಾದರಿಯನ್ನು ಹೇಳುವ ‘ಕಂಪ್ಯಾಟಿಬಲ್’ ಪ್ರಾಪರ್ಟಿಯನ್ನು ಡ್ರೈವರ್‌ಗಳ ಪಟ್ಟಿಯೊಡನೆ ತಾಳೆ ನೋಡಲಾಗುತ್ತದೆ.

ಮಿತಿಗಳು

ವಿವರ ಸರಿಯೇ ಎಂದು ಪರೀಕ್ಷಿಸುವ ದಾರಿ ಕರ್ನಲ್‌ಗೆ ಬಹುತೇಕ ಇಲ್ಲ. ಸೀರಿಯಲ್ ಪೋರ್ಟಿನ ವಿಳಾಸವೇ ತಪ್ಪಿದ್ದರೆ ದೋಷದ ಸಂದೇಶವೂ ಅಲ್ಲಿ ಕಾಣಿಸದು.