ಮೆಟ್ಟಿಲಿನಿಂದ ಹಗ್ಗಕ್ಕೆ: ನಾರುಹುಣ್ಣಿನ ನಿರ್ಮೂಲನೆಯಲ್ಲಿ ಬಾವಿಯ ಪಾತ್ರ

ಭಾರತದಲ್ಲಿ ನಾರುಹುಣ್ಣಿನ ಕೊನೆಯ ರೋಗಿ ಪತ್ತೆಯಾದದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶವನ್ನು ರೋಗಮುಕ್ತವೆಂದು ಪ್ರಮಾಣೀಕರಿಸಿತು. ಈ ರೋಗಕ್ಕೆ ಲಸಿಕೆಯಾಗಲಿ ಹುಳುವನ್ನು ಕೊಲ್ಲುವ ಔಷಧಿಯಾಗಲಿ ಅಂದು ಇರಲಿಲ್ಲ, ಇಂದೂ ಇಲ್ಲ. ನಿರ್ಮೂಲನೆಯ ಶ್ರೇಯಸ್ಸನ್ನು ಆರೋಗ್ಯ ಇಲಾಖೆಗೆ ಸಲ್ಲಿಸುವುದು ವಾಡಿಕೆ. ಬಾವಿಯ ಕಟ್ಟೋಣದಲ್ಲಾದ ಬದಲಾವಣೆಗೂ ಅಷ್ಟೇ ಪಾಲು ಸಲ್ಲಬೇಕೆಂಬುದು ಈ ಲೇಖನದ ವಾದ.

ಹುಳುವಿನ ಬಾಳುವೆಯೇ ಇದಕ್ಕೆ ಸಾಕ್ಷಿ. ಅದರ ಮರಿಗಳು ನೀರಿನಲ್ಲಿ ಸೈಕ್ಲಾಪ್ಸ್ ಎಂಬ, ಎಳ್ಳಿಗಿಂತ ಚಿಕ್ಕದಾದ ಜೀವಿಯ ಹೊಟ್ಟೆ ಸೇರಿ ಸುಮಾರು ಎರಡು ವಾರದಲ್ಲಿ ಬಲಿಯುತ್ತವೆ. ಈ ನಂಟನ್ನು 1870ರ ಹೊತ್ತಿಗೆ ತುರ್ಕಿಸ್ತಾನದಲ್ಲಿ ಗುರುತಿಸಿದವನು ರಷ್ಯದ ಅಲೆಕ್ಸೈ ಫೆಡ್‌ಚೆಂಕೊ. ಅಂಥ ನೀರು ಕುಡಿದವರ ಮೈಯೊಳಗೆ ಹೆಣ್ಣುಹುಳು ವರ್ಷದಷ್ಟು ಕಾಲ ಸದ್ದಿಲ್ಲದೆ ಬೆಳೆದು, ಒಂದು ಮೀಟರಿನವರೆಗೂ ಉದ್ದವಾಗಿ, ಹೆಚ್ಚಾಗಿ ಕಾಲಿನಲ್ಲಿ ಬೊಬ್ಬೆ ಎಬ್ಬಿಸಿ ಹೊರಬರುತ್ತದೆ. ಹೊರಬಂದ ತುದಿಯನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯಬೇಕು. ಅವಸರಪಟ್ಟು ಹರಿದರೆ ಕೀವು ತುಂಬುತ್ತದೆ. ಬೊಬ್ಬೆಯ ಉರಿ ತಾಳದೆ ರೋಗಿ ಕಾಲನ್ನು ನೀರಿಗಿಳಿಸುತ್ತಾನೆ. ಹುಳುವಿಗೆ ಬೇಕಾದದ್ದೂ ಅದೇ: ನೀರು ತಾಕಿದೊಡನೆ ಲಕ್ಷಗಟ್ಟಲೆ ಮರಿಗಳು ಹೊರಬೀಳುತ್ತವೆ.

ಮೆಟ್ಟಿಲುಬಾವಿಯಲ್ಲಿ ಕೊಡ ತುಂಬಲು ನೀರಿಗಿಳಿಯಲೇಬೇಕು. ಹುಣ್ಣಿನ ಕಾಲೂ ಕುಡಿಯುವ ಕೊಡವೂ ಒಂದೇ ಮೆಟ್ಟಿಲಿನಲ್ಲಿ ಸೇರುತ್ತವೆ. ಕಟ್ಟೆ ಕಟ್ಟಿದ ಸೇದುವ ಬಾವಿಯಲ್ಲಾದರೆ ನೀರಿಗೆ ಮುಟ್ಟುವುದು ಹಗ್ಗ, ಕೊಡ ಮಾತ್ರ.

1983–84ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ ಹಿಡಿದದ್ದು ಈ ಎಳೆಯನ್ನೇ. ಆಗ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ, 12 ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ, ಸುಮಾರು 40 ಸಾವಿರ ರೋಗಿಗಳಿದ್ದರು. ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದರು, ಕೈಪಂಪು ಹಾಕಿದರು, ನೀರಿಗೆ ಟೆಮೆಫಾಸ್ ಎಂಬ ಕೀಟನಾಶಕ ಔಷಧ ಬೆರೆಸಿ ಸೈಕ್ಲಾಪ್ಸ್ ಕೊಂದರು, ಮನೆಮನೆಗೆ ಸೋಸುವ ಬಟ್ಟೆ ಕೊಟ್ಟರು. ಜೈನ ಮನೆಗಳಲ್ಲಿ ಅಹಿಂಸೆಗಾಗಿ ನಡೆದುಬಂದ ಸೋಸುವ ರೂಢಿಯೇ ಇಲ್ಲಿ ರೋಗತಡೆಯ ಉಪಾಯವಾದದ್ದು ಗಮನಾರ್ಹ. ಆದರೆ ಬಟ್ಟೆ, ಔಷಧಗಳ ಫಲ ನಿತ್ಯದ ಶ್ರದ್ಧೆಯನ್ನು ನಂಬಿದ್ದು. ಹೊಲಕ್ಕೆ ಹೋದವನು ಬಾಯಾರಿದಾಗ ಬಟ್ಟೆ ಹುಡುಕುವುದಿಲ್ಲ. ಮೆಟ್ಟಿಲು ಮುಚ್ಚಿದ ಬಾವಿ ಯಾರ ಶ್ರದ್ಧೆಯನ್ನೂ ಬೇಡುವುದಿಲ್ಲ.

ಈ ಯಶಸ್ಸಿನ ಇನ್ನೊಂದು ಮಗ್ಗುಲನ್ನು ನಿರ್ಮೂಲನೆಯ ಬರಹಗಳು ಅಷ್ಟಾಗಿ ನೋಡಿಲ್ಲ. ಮೇಲುನೀರನ್ನು ಬಿಟ್ಟು ಕೊಳವೆಬಾವಿಗೆ ಹೊರಳಿದ ಹಳ್ಳಿಗಳಿಗೆ ಹುಳುವಿಲ್ಲದ ನೀರೇನೋ ಸಿಕ್ಕಿತು. ಆದರೆ ರಾಯಚೂರು, ಕೊಪ್ಪಳದ ಕಡೆಯ ಹಲವು ಊರುಗಳಲ್ಲಿ ಬಂಡೆಯ ಆಳದಿಂದ ಬರುವ ಆ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಸೈಕ್ಲಾಪ್ಸನ್ನು ತಡೆದ ಬಟ್ಟೆಯಲ್ಲಿ ಅದು ನಿಲ್ಲುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ.